ಆಷಾಢದಲ್ಲಿ ಕಾಣೆಯಾದ ಗುಬ್ಬಿ

ಗುಬ್ಬಿ ತಾಲ್ಲೂಕಿನಲ್ಲಿ ಒಂದೇ ಮಧ್ಯಾಹ್ನ ಹತ್ತೊಂಬತ್ತು ಶಾಲಾ ಕೊಠಡಿಗಳನ್ನು ಕಟ್ಟಿದವನು ನಾನು. ಕೂತ ಕುರ್ಚಿಯಿಂದ ಏಳಲಿಲ್ಲ, ಒಂದು ಬಾಂಡ್ಲಿ ಸಿಮೆಂಟು ಮುಟ್ಟಲಿಲ್ಲ. ಬಲಗೈಯ ಒಂದೇ ಬೆರಳಿನಲ್ಲಿ ಕೀಲಿ ಒತ್ತುತ್ತಿದ್ದೆ, ಎಡಗೈಯಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದೆ. ಕಡ್ಲೆಕಾಯಿ ಮುಗಿಯುವಷ್ಟರಲ್ಲಿ ಗೋಡೆಗಳೂ ಮುಗಿದವು. ನಂಬದವರು ಬಸ್ಸು ಹತ್ತಿ ಹೋಗಿ ನೋಡಿ ಬರಬಹುದು. ಕೊಠಡಿಗಳು ಇವತ್ತಿಗೂ ಅಲ್ಲೇ ನಿಂತಿವೆ, ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದಾರೆ.

ಇದು 2003ರ ಆಗಸ್ಟ್ ಮೊದಲ ವಾರದ ಮಾತು. ಆಗ ನಾನು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಪಾತ್ರೆ ಅಂಗಡಿಯೊಂದರ ಮಹಡಿ ಮೇಲಿದ್ದ ಒಂದು ಟ್ರಸ್ಟಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಝುಬೇರ್ ಬಂದ ಎಂದು ನನ್ನ ಹೆಸರನ್ನು ಯಾರಾದರೂ ಪಿಸುಗುಟ್ಟಿದರೆ ಸಾಕು, ಕ್ಯಾತ್ಸಂದ್ರದವರೆಗಿನ ಕಂಪ್ಯೂಟರುಗಳೆಲ್ಲ ತಾವಾಗಿಯೇ ಆನ್ ಆಗುತ್ತಿದ್ದ ಕಾಲ ಅದು.

ಟ್ರಸ್ಟಿನ ಕೆಲಸ ಸರ್ಕಾರಿ ಶಾಲೆಗಳನ್ನು ರಿಪೇರಿ ಮಾಡಿಸುವುದು, ಕೊಠಡಿ ಬಿದ್ದಿದ್ದರೆ ಹೊಸದಾಗಿ ಕಟ್ಟಿಸುವುದು. ಗುಬ್ಬಿಯಲ್ಲೊಂದು ಶಾಖೆ, ಕುಣಿಗಲ್‌ನಲ್ಲೊಂದು ಶಾಖೆ. ಎಲ್ಲ ಕೆಲಸಗಳ ವಿವರವೂ ನನ್ನ ಕಂಪ್ಯೂಟರಿನಲ್ಲಿ ಇರುತ್ತಿತ್ತು: ಯಾವ ಊರು, ಏನು ಕೆಲಸ, ಯಾವತ್ತು ಶುರುವಾಯಿತು, ಯಾವತ್ತು ಮುಗಿಯಿತು. ಶಾಖೆಯವರು ಕಳಿಸಿದ್ದನ್ನು ಮಾನಸಾ ಎಂಬ ಹುಡುಗಿ ಟೈಪ್ ಮಾಡಿ ತುಂಬುತ್ತಿದ್ದಳು. ತುಂಬಿದ್ದನ್ನು ಪ್ರಶ್ನೆ ಕೇಳಿ ಹೊರಗೆ ತೆಗೆಯುವುದು ನನ್ನ ಕೆಲಸ. ಆ ಪ್ರಶ್ನೆಗೆ ನಮ್ಮಲ್ಲಿ ಕ್ವೆರಿ ಎನ್ನುತ್ತಾರೆ. ಬೇರೆಯವರು ಕ್ವೆರಿ ಬರೆದರೆ ಉತ್ತರ ಬರುತ್ತದೆ. ನಾನು ಬರೆದರೆ ಮಾನಿಟರ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಉತ್ತರ ಹೇಳುತ್ತಿತ್ತು.

ಆ ದಿನ ಬೆಳಿಗ್ಗೆ ನಮ್ಮ ಮ್ಯಾನೇಜರ್ ವೆಂಕಟರಂಗಯ್ಯನವರು ಎಲೆಯಡಿಕೆ ಜಗಿಯುತ್ತಾ ನನ್ನ ಮೇಜಿನ ಹತ್ತಿರ ಬಂದರು.

"ನಾಲ್ಕು ಗಂಟೆಗೆ ಬೆಂಗ್ಳೂರಿಂದ ಟ್ರಸ್ಟಿಗಳು ಬರ್ತಾವ್ರೆ ಕಣಯ್ಯ. ಎರಡು ಶಾಖೆ ಯಾಕೆ, ಕೆಲ್ಸ ಇರೋದನ್ನ ಇಟ್ಕೊಂಡು ಇನ್ನೊಂದನ್ನ ಮುಚ್ಚಿ ಅಂತವ್ರೆ. ಜುಲೈ ಒಂದರಿಂದ ಮೂವತ್ತೊಂದರವರೆಗೆ ನಡೆದ ಕೆಲ್ಸ ಎಲ್ಲ ತೆಗ್ದು ಕೊಡು."

"ಅಷ್ಟೇನಾ ಸಾರ್?" ಎಂದೆ. ಹುಲಿಗೆ ಇಲಿ ಹಿಡಿಯಲು ಹೇಳಿದ ಹಾಗಾಯಿತು ನನಗೆ.

ಬರೆದೆ. ಶುರುವಾದ ತಾರೀಖು ಜುಲೈ ಒಂದು ಅಥವಾ ಅದರ ನಂತರ ಇರಬೇಕು, ಮುಗಿದ ತಾರೀಖು ಜುಲೈ ಮೂವತ್ತೊಂದು ಅಥವಾ ಅದಕ್ಕಿಂತ ಮೊದಲು ಇರಬೇಕು. ಗುಂಡಿ ಒತ್ತಿದೆ. ಪ್ರಿಂಟರ್ ಕರಕರ ಎಂದು ಹಾಳೆ ಉಗುಳಿತು. ಕುಣಿಗಲ್ ಶಾಖೆಯ ಕೆಳಗೆ ಊರುಗಳು ಜಾತ್ರೆಗೆ ಹೊರಟವರಂತೆ ಸಾಲಾಗಿ ನಿಂತಿದ್ದವು. ಗುಬ್ಬಿ ಶಾಖೆ ಎಂಬ ತಲೆಬರಹದ ಕೆಳಗೆ ಬಿಳೀ ಹಾಳೆ ಬಿಟ್ಟರೆ ಏನೂ ಇರಲಿಲ್ಲ. ಇಡೀ ತಿಂಗಳಲ್ಲಿ ಒಂದು ಇಟ್ಟಿಗೆ ಕೂಡ ಅಲುಗಿರಲಿಲ್ಲ.

ನನಗೆ ಒಂದು ಕ್ಷಣ ಅನುಮಾನ ಬಂತು. ವೆಂಕಟರಂಗಯ್ಯನವರಿಗೆ ಬರಲಿಲ್ಲ.

"ಆಷಾಢ ಅಲ್ವೇನಯ್ಯ! ಜುಲೈ ಪೂರ್ತಿ ಆಷಾಢ. ಯಾರು ಕೆಲ್ಸ ಮಾಡ್ತಾರೆ? ಸರಿಯಾಗೇ ಹೇಳ್ತದೆ ನಿನ್ನ ಕಂಪ್ಯೂಟ್ರು."

"ಪಂಚಾಂಗಾನೂ ಕಲಿಸಿದೀನಿ ಸಾರ್ ಅದಕ್ಕೆ," ಎಂದೆ. ಹೊಗಳಿಕೆ ಬಂದಾಗ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ.

ಅವರು ಗುಬ್ಬಿಗೆ ಫೋನ್ ಮಾಡಿ ಶಾಖೆ ಮುಚ್ಚುವ ವಿಷಯ ಹೇಳಿದರು. ಫೋನ್ ಇಟ್ಟ ಮೇಲೂ ಆ ಕಡೆಯ ಧ್ವನಿ ರಿಸೀವರಿನಿಂದ ಕೇಳುತ್ತಲೇ ಇತ್ತು.

ಆ ಧ್ವನಿಯ ಒಡತಿ ರಹಿಮಾ ಬೀ, ಗುಬ್ಬಿ ಶಾಖೆಯ ಸೂಪರ್‌ವೈಸರ್. ಆಕೆಯ ಎತ್ತರ ಐದಡಿ, ಧ್ವನಿಯ ಎತ್ತರ ಹನ್ನೆರಡಡಿ. ತೀರಿಹೋದ ಗಂಡ ಗಾರೆ ಮೇಸ್ತ್ರಿ. ಆತ ಬದುಕಿದ್ದಾಗ ಆತನಿಗೂ, ಆಮೇಲೆ ತಾಲ್ಲೂಕಿನ ಮೇಸ್ತ್ರಿಗಳಿಗೆಲ್ಲ ಬೈದು ಕೆಲಸ ಕಲಿಸಿದವಳು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಆಕೆ ಕೆಮ್ಮಿದರೆ ತುಮಕೂರಿನಲ್ಲಿ ಆಟೋದವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಮಧ್ಯಾಹ್ನದೊಳಗೆ ನಮ್ಮ ಮೆಟ್ಟಿಲು ಹತ್ತಿ ಬಂದೇಬಿಟ್ಟಳು. ಬುರ್ಖಾದ ಅಂಚಿಗೆ ಸಿಮೆಂಟು ಮೆತ್ತಿಕೊಂಡಿತ್ತು, ಕೈಯಲ್ಲಿ ಮಡಚಿದ ಕೊಡೆ ಇತ್ತು. ಅದನ್ನು ಹಿಡಿದಿದ್ದ ರೀತಿ ಮಳೆಗೆಂದು ತಂದ ಹಾಗಿರಲಿಲ್ಲ.

"ಏನ್ಲಾ ಝುಬೇರಾ, ನನ್ನ ಗುಬ್ಬೀನ ಏನ್ ಮಾಡ್ದೆ?"

ರಹಿಮಾ ಬೀಗೆ ನನ್ನ ಮೇಲೆ ಪ್ರೀತಿ ಬಂದಾಗ ಉರ್ದು, ಸಿಟ್ಟು ಬಂದಾಗ ಕನ್ನಡ. ಇದು ಅಪ್ಪಟ ಕನ್ನಡ. ನಾನು ಆಕೆಯನ್ನು ಕರೆಯುತ್ತಿದ್ದದ್ದು ಖಾಲಾ, ಅಂದರೆ ಚಿಕ್ಕಮ್ಮ ಎಂದು.

"ನಾನೇನ್ ಮಾಡ್ದೆ ಖಾಲಾ? ಕಂಪ್ಯೂಟರ್ ಹೇಳ್ತು."

"ಅದನ್ನ ಕೆಳಗಿಳ್ಸು. ನಾನೇ ಅದರ ಜೊತೆ ಮಾತಾಡ್ತೀನಿ."

ವೆಂಕಟರಂಗಯ್ಯನವರು ತಮ್ಮ ರೂಮಿನಿಂದ ಹೊರಗೆ ಬಂದರು. "ರಹಿಮಾ ಬೀಯವ್ರೆ, ಕೋಪ ಮಾಡ್ಕೋಬೇಡಿ. ಆಷಾಢದಲ್ಲಿ ಕೆಲ್ಸ ಇರಲ್ಲ, ಅದು ನಿಮ್ಮ ತಪ್ಪಲ್ಲ."

"ಆಷಾಢದಲ್ಲಿ ಗುದ್ದಲಿಪೂಜೆ ಇರಲ್ಲ ಸಾರ್! ಕೆಲ್ಸ ಇರಲ್ಲ ಅಂದೋರು ಯಾರು? ಆಷಾಢ ಬಂದ್ರೆ ಊರೋರು ಪಾಯಕ್ಕೆ ಗುದ್ದಲಿ ಹಾಕಕ್ಕೆ ಬುಡಲ್ಲ ಅಂತಾನೇ ಜೂನ್ ತಿಂಗ್ಳಲ್ಲಿ ಓಡಾಡಿ ಓಡಾಡಿ ಎಲ್ಲಾ ಊರ್ಗೂ ಪೂಜೆ ಮುಗ್ಸಿದೀನಿ. ಪೂಜಾರಪ್ಪ ಒಂದೂರಲ್ಲಿ ಮಂತ್ರ ಹೇಳ್ತಿದ್ರೆ ನಾನು ಮುಂದಿನೂರಲ್ಲಿ ತೆಂಗಿನಕಾಯಿ ಹಿಡ್ಕೊಂಡು ಕಾಯ್ತಿದ್ದೆ. ಜುಲೈ ಪೂರ್ತಿ ಗೋಡೆ ಏರ್ಸಿದೀವಿ. ಬಂದು ನೋಡಿ!"

"ನೀವು ಸುಳ್ಳು ಹೇಳ್ತೀರ ಅಂತ ನಾನೆಲ್ಲಿ ಅಂದೆನಮ್ಮ? ಬಾಯಿಮಾತು ನಡೆಯಲ್ಲ. ಹಿಂದೆ ಬಾಯಿಮಾತಲ್ಲಿ ವರದಿ ಕೊಟ್ಟು ಬೈಸ್ಕೊಂಡಿದ್ದಕ್ಕೇ ಈ ಕಂಪ್ಯೂಟ್ರು ಬಂದಿದ್ದು. ಇದ್ರಲ್ಲಿ ಬಂದ್ರೆ ಕೆಲ್ಸ ಉಂಟು, ಬರ್ದಿದ್ರೆ ಇಲ್ಲ. ಸಿಮೆಂಟು ಬಂದು ಗೋಡೌನಲ್ಲಿ ಕೂತದೆ. ನಾಳೆ ಬೆಳಿಗ್ಗೆ ಲಾರಿ ಯಾವ ಕಡೆ ತಿರುಗ್ಬೇಕು ಅಂತ ಇವತ್ತು ನಾಲ್ಕು ಗಂಟೆಗೆ ತೀರ್ಮಾನ."

ಆಗ ರಹಿಮಾ ಬೀಯ ಧ್ವನಿ ಇಳಿಯಿತು. ಹನ್ನೆರಡಡಿಯಿಂದ ಇಳಿದು ನೆಲಕ್ಕೆ ಬಂತು. ಅದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಕೋಡಿಹಟ್ಟಿ ಸ್ಕೂಲಿನ ಹೆಂಚು ಇಳಿಸಿದ್ದು ನಾನು ಸಾರ್. ಸೋರ್ತಿತ್ತು, ಆದ್ರೂ ಒಂದು ಸೂರು ಅಂತ ಇತ್ತು. ಮೋಲ್ಡ್ ಹಾಕ್ಸಿ ಕೊಡ್ತೀನಿ ಅಂತ ಊರ ಮುಂದೆ ಮಾತು ಕೊಟ್ಟು ಇಳಿಸ್ದೆ. ಈಗ ಗೋಡೆ ಅದೆ, ಮೇಲೆ ಆಕಾಶ ಅದೆ. ಮಕ್ಳು ಎದುರುಮನೆ ಕೊಟ್ಟಿಗೇಲಿ ಕೂತು ಓದ್ತವೆ, ಹಸಗಳ್ನ ಆಚೆ ಕಟ್ಟಿ. ಮಳೆ ಬಂದ್ರೆ ಹಸ ಒಳಕ್ಕೆ, ಮಕ್ಳು ಮನೆಗೆ. ಸಿಮೆಂಟು ಕುಣಿಗಲ್‌ಗೆ ಹೋದ್ರೆ ನಾನು ಆ ಊರಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?"

ವೆಂಕಟರಂಗಯ್ಯನವರು ನನ್ನ ಕಡೆ ನೋಡಿದರು. ರಹಿಮಾ ಬೀ ಒಂದು ಸ್ಟೂಲು ಎಳೆದು ನನ್ನ ಕುರ್ಚಿಯ ಪಕ್ಕ ಹಾಕಿಕೊಂಡು, ಕೊಡೆಯನ್ನು ಮಡಿಲಲ್ಲಿ ಅಡ್ಡ ಇಟ್ಟು ಕೂತಳು.

"ಗುಬ್ಬಿ ಬರೋ ತನಕ ನಾನು ಇಲ್ಲಿಂದ ಏಳಲ್ಲ. ಕೇಳು ಬೇಟಾ. ಅದಕ್ಕೆ ಸರಿಯಾಗಿ ಕೇಳು."

ಅಷ್ಟರಲ್ಲಿ ಕುಣಿಗಲ್ ಶಾಖೆಯ ಬೆಟ್ಟಸ್ವಾಮಿ ನಗುತ್ತಾ ಒಳಗೆ ಬಂದ. ಒಳ್ಳೆಯ ಸುದ್ದಿಯ ವಾಸನೆ ಅವನಿಗೆ ಕುಣಿಗಲ್ ಕೆರೆ ಏರಿಯ ಮೇಲೇ ಬಡಿದಿರಬೇಕು. ಆ ಕೆರೆ ಒಣಗಿದ್ದಾಗ ತಾನೊಬ್ಬನೇ ಒಂದು ಕೊಡದಲ್ಲಿ ತುಂಬಿಸಿದೆ ಎಂದು ಹೇಳಿಕೊಂಡು ತಿರುಗುವ ಆಸಾಮಿ. ನನಗೆ ಸುಳ್ಳು ಹೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಅವನ ಹಾಳೆಯಲ್ಲಿದ್ದ ಕೆಲಸಗಳನ್ನು ಆಗ ಸರಿಯಾಗಿ ಓದಿದೆ. ಅಮೃತೂರು ಕಡೆಯ ಶಾಲೆಗೆ ಚಿಲಕ ಹಾಕಿಸಿದ್ದು. ಯಡಿಯೂರು ಹತ್ತಿರ ಬೋರ್ಡಿಗೆ ಕರೀ ಬಣ್ಣ ಬಳಿಸಿದ್ದು. ಒಂದು ಕಡೆ ನಲ್ಲಿ ಬದಲಾಯಿಸಿದ್ದು. ಸೋಮವಾರ ಶುರು, ಮಂಗಳವಾರ ಮುಕ್ತಾಯ. ಚಿಲಕಕ್ಕೆ ಯಾರೂ ಗುದ್ದಲಿಪೂಜೆ ಮಾಡುವುದಿಲ್ಲವಾದ್ದರಿಂದ ಆಷಾಢ ಅವನಿಗೆ ಅಡ್ಡ ಬಂದಿರಲಿಲ್ಲ. ಜುಲೈನಲ್ಲೇ ಹುಟ್ಟಿ ಜುಲೈನಲ್ಲೇ ಕಣ್ಣು ಮುಚ್ಚಿದ ಕೆಲಸಗಳನ್ನು ಮಾತ್ರ ನಾನು ಕೇಳಿದ್ದೆ. ರಹಿಮಾ ಬೀಯ ಗೋಡೆಗಳು ಜೂನ್‌ನಲ್ಲಿ ಹುಟ್ಟಿದ್ದವು, ಇನ್ನೂ ಬೆಳೆಯುತ್ತಿದ್ದವು.

ಇದು ತಿಳಿದ ಮೇಲೆ ಮಿಕ್ಕಿದ್ದು ಮಕ್ಕಳಾಟ ಎಂದುಕೊಂಡೆ. ಜೂನ್‌ನಲ್ಲಿ ಶುರುವಾದದ್ದೂ ಬರಲಿ ಎಂದು, ಜುಲೈ ಮುಗಿಯುವುದರೊಳಗೆ ಶುರುವಾದ ಕೆಲಸಗಳನ್ನೆಲ್ಲ ಕೊಡು ಎಂದು ಕೇಳಿದೆ.

ಕೊಟ್ಟಿತು. ಟ್ರಸ್ಟು ಹುಟ್ಟಿದಂದಿನಿಂದ ಆದ ಕೆಲಸಗಳನ್ನೆಲ್ಲ ಕೊಟ್ಟಿತು. ಪ್ರಿಂಟರಿನ ಹಾಳೆ ಮೇಜಿನಿಂದ ಇಳಿದು, ಮೆಟ್ಟಿಲು ಇಳಿದು, ಪಾತ್ರೆ ಅಂಗಡಿಯ ಕೊಳಗಗಳ ನಡುವೆ ನುಸುಳಿ ಬಿ.ಎಚ್. ರಸ್ತೆ ದಾಟಿತು. ಎರಡೂ ಕಡೆ ಬಸ್ಸುಗಳು ನಿಂತವು. ಟ್ರಾಫಿಕ್ ಪೊಲೀಸ್ ಸೀಟಿ ಊದಿ ಊದಿ ಸುಸ್ತಾದ.

ರಹಿಮಾ ಬೀ ಹಾಳೆಯನ್ನು ಕೈಗೆತ್ತಿಕೊಂಡು ಓದಿದಳು. "ಇದು ನಾನು ಹೋದ್ವರ್ಷ ಮುಗ್ಸಿ ಬೀಗದ ಕೈ ಕೊಟ್ಟು ಬಂದಿರೋ ಸ್ಕೂಲು. ಇದು ಅದಕ್ಕೂ ಹಿಂದಿನ್ದು. ತೆಗಿ ಇದನ್ನ."

"ಇರ್ಲಿ ಬುಡಿ ಖಾಲಾ, ಗುಬ್ಬಿ ದಪ್ಪಗೆ ಕಾಣ್ತದೆ."

"ಮುಗ್ದೋಗಿರೋದನ್ನ ನಡೀತಾ ಅದೆ ಅಂತ ತೋರ್ಸಕ್ಕೆ ನಾನು ಬಂದಿಲ್ಲ. ತೆಗಿ ಅಂದೆ!" ಕೊಡೆ ಮಡಿಲಿನಿಂದ ಒಂದು ಗೇಣು ಮೇಲೆದ್ದಿತು. ತೆಗೆದೆ.

ಎರಡನೇ ಸಲ ಇನ್ನೂ ಜಾಣತನದಿಂದ ಕೇಳಿದೆ. ಜುಲೈ ಒಂದಕ್ಕಿಂತ ಮೊದಲು ಶುರುವಾಗಿರಬೇಕು, ಜುಲೈ ಮೂವತ್ತೊಂದು ಕಳೆದ ಮೇಲೆ ಮುಗಿದಿರಬೇಕು. ಈ ಸಲ ಕುಣಿಗಲ್ ಪೂರ್ತಿ ಮಾಯವಾಯಿತು.

"ಲೇ ಲೇ ಲೇ!" ಬೆಟ್ಟಸ್ವಾಮಿ ಹಾರಿ ಬಂದ. "ನನ್ನ ಕುಣಿಗಲ್ ಎಲ್ಲೋ? ಕೆರೆಗೆ ತಳ್ಬುಟ್ಯಾ?"

"ನೀನೇ ಕೊಡ ತಗೊಂಡು ಎತ್ಕೋ ಹೋಗು ಬೆಟ್ಟಸ್ವಾಮಣ್ಣ," ಎಂದೆ. ಆದರೆ ನಗು ಬರಲಿಲ್ಲ. ಗುಬ್ಬಿಯ ಕೆಳಗೂ ಇದ್ದದ್ದು ಎರಡೇ ಸಾಲು, ಅವು ಹಿಂದಿನ ದಿನ ತಾನೇ ಮುಗಿದ ಕೆಲಸಗಳು. ರಹಿಮಾ ಬೀ ಆ ಎರಡು ಸಾಲಿನ ಮೇಲೆ ಬೆರಳಾಡಿಸಿ ಕೇಳಿದಳು:

"ಕೋಡಿಹಟ್ಟಿ ಎಲ್ಲಿ?"

ಮಾನಸಾ ತನ್ನ ಕಂಪ್ಯೂಟರಿನಲ್ಲಿ ಕೋಡಿಹಟ್ಟಿಯನ್ನು ತೆರೆದು ತೋರಿಸಿದಳು. ಊರಿನ ಹೆಸರಿತ್ತು, ಶುರುವಾದ ದಿನ ಇತ್ತು. ಮುಗಿದ ತಾರೀಖಿನ ಜಾಗ ಖಾಲಿ.

"ಖಾಲಿ ಯಾಕೆ ಬಿಟ್ಟೆ?" ಎಂದು ಗದರಿದೆ.

"ಮುಗೀದೇ ಇರೋ ಕೆಲ್ಸಕ್ಕೆ ಮುಗಿದ ತಾರೀಖು ಎಲ್ಲಿಂದ ತರ್ಲಿ ಝುಬೇರಣ್ಣ? ನಿಮ್ಮನೆಯಿಂದ ತಂದ್ಕೊಡಿ, ಹಾಕ್ತೀನಿ."

ಖಾಲಿ ಜಾಗ ಎಂದರೆ ಕಂಪ್ಯೂಟರಿಗೆ ಸುಮ್ಮನಲ್ಲ. ಮೂವತ್ತೊಂದಕ್ಕಿಂತ ಮುಂದೆಯೋ ಎಂದರೆ ಹೌದು ಅನ್ನುವುದಿಲ್ಲ, ಹಿಂದೆಯೋ ಎಂದರೂ ಹೌದು ಅನ್ನುವುದಿಲ್ಲ. ಆ ಸಾಲನ್ನೇ ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತದೆ. ಗುಬ್ಬಿಯ ಮಿಕ್ಕ ಕೊಠಡಿಗಳೆಲ್ಲ ಹೀಗೇ ಖಾಲಿ ಬಿದ್ದಿದ್ದವು.

"ಅಷ್ಟೇನಾ?" ಎಂದ ಬೆಟ್ಟಸ್ವಾಮಿ. ಕುಣಿಗಲ್ ಮಾಯವಾದ ಮೇಲೆ ಅವನಿಗೂ ನಮ್ಮ ಪಕ್ಷ ಬೇಕಾಗಿತ್ತು. "ಖಾಲಿ ಇರೋ ಕಡೆ ಎಲ್ಲಾ ಒಂದು ತಾರೀಖು ಬಡಿದಾಕು. ಯಾರು ನೋಡ್ತಾರೆ?"

"ಮುಗ್ದದೆ ಅಂತ ಬರ್ದ್ಮೇಲೆ ಸಿಮೆಂಟು ಯಾಕೆ ಕೊಡ್ತಾರೆ ಬೆಟ್ಟಸ್ವಾಮಿ? ತಲೇಲಿ ಏನಿಟ್ಕೊಂಡಿದೀಯ, ಚಿಲಕಾನ?" ಎಂದಳು ರಹಿಮಾ ಬೀ.

ತಾರೀಖು ಹಾಕಿದರೆ ಸಿಮೆಂಟು ಇಲ್ಲ, ಹಾಕದಿದ್ದರೆ ಕೋಡಿಹಟ್ಟಿಯೇ ಇಲ್ಲ. ಎಲ್ಲರೂ ಊಟಕ್ಕೆ ಎದ್ದರು. ರಹಿಮಾ ಬೀ ಮಾತ್ರ ಊಟ ಬೇಡ ಎಂದು ಸ್ಟೂಲಿನ ಮೇಲೆ ಹಾಗೇ ಕೂತಿದ್ದಳು, ಕಣ್ಣು ಮಾನಿಟರಿನ ಮೇಲೆ, ಗುಬ್ಬಿ ಅದರೊಳಗಿಂದ ಯಾವ ಗಳಿಗೆಯಲ್ಲಾದರೂ ಹಾರಿ ಬಂದೀತು ಎಂಬಂತೆ.

ಮುಂದೆ ನಡೆದದ್ದನ್ನು ಹೇಳಿದರೆ ನನ್ನನ್ನು ನಾನೇ ಹೊಗಳಿಕೊಂಡ ಹಾಗಾಗುತ್ತದೆ. ಆದರೂ ಹೇಳುತ್ತೇನೆ. ನಾನು ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿದೆ. ಉಸಿರು ಹಿಡಿದೆ. ಬಿ.ಎಚ್. ರಸ್ತೆಯ ಸದ್ದೆಲ್ಲ ನಿಂತುಹೋಯಿತು. ದೊಡ್ಡ ದೊಡ್ಡ ತಪಸ್ವಿಗಳಿಗೆ ಹತ್ತಾರು ವರ್ಷ ಹಿಡಿಯುವ ಕೆಲಸ ನನಗೆ ಊಟದ ಹೊತ್ತಿನಲ್ಲಿ ಮುಗಿಯಿತು. ಕಣ್ಣು ಬಿಟ್ಟಾಗ ನನ್ನ ಕಣ್ಣ ಮುಂದೆ ಒಂದು ಬಸ್ಸು ನಿಂತಿತ್ತು. ಮೈ ಬೆವರಿನಿಂದ ತೊಯ್ದುಹೋಗಿತ್ತು, ಪ್ಯಾಂಟಿಗೆ ತೆಂಗಿನ ನಾರು ಅಂಟಿಕೊಂಡಿತ್ತು. ತುಂಬಾ ಆಳವಾಗಿ ಯೋಚನೆ ಮಾಡುವವರಿಗೆ ಹೀಗೆಲ್ಲ ಆಗುತ್ತದೆ.

"ಎಲ್ಲಾ ಇಲ್ಲಿ ಬನ್ನಿ!" ಎಂದು ಕೂಗಿದೆ. "ಬೆಟ್ಟಸ್ವಾಮಣ್ಣ, ತುಮಕೂರಿಂದ ಗುಬ್ಬಿ ಕಡೆ ಒಂದು ಬಸ್ಸು ಹೊರಟದೆ. ಹೆಗ್ಗೆರೇಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಹತ್ತುತಾನೆ. ಮಲ್ಲಸಂದ್ರದಲ್ಲಿ ಇಳೀತಾನೆ. ಅವನಿದ್ದ ಹೊತ್ತಲ್ಲಿ ಬಸ್ಸೊಳಗೆ ಯಾರ್ಯಾರಿದ್ರು?"

"ಹೆಗ್ಗೆರೇಲಿ ಹತ್ತಿ ಮಲ್ಲಸಂದ್ರದಲ್ಲಿ ಇಳಿದೋರು," ಎಂದ ಬೆಟ್ಟಸ್ವಾಮಿ.

"ಅಷ್ಟೇ ಜನಾನಾ? ತುಮಕೂರಲ್ಲೇ ಹತ್ತಿ ಸೀಟು ಹಿಡಿದು ಕೂತಿದ್ದೋರು?"

"ಅವರೂ ಇದ್ರು."

"ಅವರಲ್ಲಿ ದಾರಿ ಮಧ್ಯೆ ಇಳಿದೋರು? ಗುಬ್ಬಿಗೆ ಹೋಗೋರು?"

"ಎಲ್ಲಾ ಇದ್ರಪ್ಪ. ಈಗೇನು?"

"ಅವನು ಇಳಿಯೋದ್ರೊಳಗೆ ಹತ್ತಿರ್ಬೇಕು. ಅವನು ಹತ್ತೋಕ್ಕಿಂತ ಮುಂಚೆ ಇಳ್ದಿರ್ಬಾರ್ದು. ಇಷ್ಟಿದ್ರೆ ಮುಗೀತು. ಎಲ್ಲಿ ಹತ್ತಿದೆ, ಎಲ್ಲಿ ಇಳೀತೀಯ ಅಂತ ಕೇಳೋದೇ ಬೇಡ. ಚೆಕಿಂಗ್‌ನೋನು ಯಾರು? ನಮ್ಮ ಜುಲೈ ತಿಂಗಳು!"

ವೆಂಕಟರಂಗಯ್ಯನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ರಹಿಮಾ ಬೀ ಸ್ಟೂಲಿನಿಂದ ಮುಂದಕ್ಕೆ ಬಾಗಿದಳು.

"ಮತ್ತೆ ಇನ್ನೂ ಇಳೀದೇ ಇರೋನು?"

"ಇಳ್ದಿಲ್ಲ ಅಂದ್ರೆ ಒಳಗವ್ನೆ ಅಂತ ತಾನೆ ಖಾಲಾ? ಖಾಲಿ ಇದ್ರೆ ಅವರನ್ನೂ ಸೇರ್ಸು ಅಂತ ಬಾಯಿ ಬಿಟ್ಟು ಹೇಳ್ಬೇಕು ಇದಕ್ಕೆ. ನಿಮ್ಮ ಕೋಡಿಹಟ್ಟಿ ಇನ್ನೂ ಬಸ್ಸಲ್ಲೇ ಕೂತದೆ."

ಬರೆದೆ. ಶುರುವಾದದ್ದು ಜುಲೈ ಮೂವತ್ತೊಂದು ಅಥವಾ ಅದಕ್ಕೆ ಮೊದಲು. ಮುಗಿದದ್ದು ಜುಲೈ ಒಂದು ಅಥವಾ ಅದರ ನಂತರ, ಇಲ್ಲವೇ ಆ ಜಾಗ ಖಾಲಿ. ಸರಿಯಾಗಿ ಆಗಲೇ ಕರೆಂಟು ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ಅದರ ಬ್ಯಾಟರಿ ಯಾವ ಗಳಿಗೆಯಲ್ಲಿ ಪ್ರಾಣ ಬಿಡುತ್ತದೋ ಯಾರಿಗೂ ಗೊತ್ತಿರಲಿಲ್ಲ. ಮಾನಸಾ ತನ್ನ ಕಂಪ್ಯೂಟರ್ ಆರಿಸಿದಳು, ಬೆಟ್ಟಸ್ವಾಮಿ ಪ್ರಿಂಟರಿನ ಹಾಳೆ ಸಿಕ್ಕಿಕೊಳ್ಳದ ಹಾಗೆ ಎರಡು ಕೈಯಲ್ಲೂ ಹಿಡಿದು ನಿಂತ. ಕುಣಿಗಲ್ ಇಳಿಯಿತು, ಚಿಲಕ, ಬೋರ್ಡು, ನಲ್ಲಿ, ಎಲ್ಲ. ಆಮೇಲೆ ಗುಬ್ಬಿ. ಒಂದೊಂದೇ ಸಾಲು, ಒಂದೊಂದೇ ಊರು. ಹೋದ ವರ್ಷ ಮುಗಿದದ್ದು ಒಂದೂ ಇರಲಿಲ್ಲ. ಹದಿನೆಂಟು ಕೊಠಡಿ ಇಳಿದ ಮೇಲೆ ಕೊನೆಯಲ್ಲಿ ಕೋಡಿಹಟ್ಟಿ ಬಂತು. ಅಕ್ಷರ ಪೂರ್ತಿ ಮೂಡುವ ಮೊದಲೇ ರಹಿಮಾ ಬೀ ಅದರ ಮೇಲೆ ಬೆರಳಿಟ್ಟಳು. ಬೆರಳಿಗೆ ಮಸಿಯಾಯಿತು. ಒರೆಸಿಕೊಳ್ಳಲಿಲ್ಲ.

ನಾಲ್ಕು ಗಂಟೆಗೆ ಬೆಂಗಳೂರಿನವರು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆಷಾಢದಲ್ಲಿ ಇಷ್ಟೊಂದು ಕೆಲಸವೇ?" ಎಂದು ಅವರಲ್ಲೊಬ್ಬರು ಕೇಳಿದರು.

"ಆಷಾಢದಲ್ಲಿ ಪೂಜೆ ಇರಲ್ಲ ಸಾರ್, ಕೆಲ್ಸ ಇರ್ತದೆ," ಎಂದರು ವೆಂಕಟರಂಗಯ್ಯನವರು, ಹುಟ್ಟಿದಾಗಿನಿಂದಲೂ ಗೊತ್ತಿದ್ದ ವಿಷಯದ ಹಾಗೆ.

ಶಾಖೆ ಉಳಿಯಿತು. ಮರುದಿನ ಲಾರಿ ಗುಬ್ಬಿ ಕಡೆಗೆ ತಿರುಗಿತು. ಚಿಲಕಕ್ಕೆ ಸಿಮೆಂಟು ಬೇಡವಲ್ಲ ಎಂದು ಬೆಟ್ಟಸ್ವಾಮಿಯೇ ಮುಂದೆ ನಿಂತು ಮೂಟೆ ಹತ್ತಿಸಿದ.

ಆ ವಾರವೇ ಕೋಡಿಹಟ್ಟಿಗೆ ಮೋಲ್ಡ್ ಬಿತ್ತು. ದಸರೆಗೆ ಮುಂಚೆ ಶಾಲೆಯ ಬಾಗಿಲು ತೆರೆಯುವ ದಿನ ನಮ್ಮನ್ನೆಲ್ಲ ಊರಿನವರು ಕರೆದರು. ಪಾಯಸದ ವಾಸನೆ ಹೊಸ ಸುಣ್ಣದ ವಾಸನೆಯ ಜೊತೆ ಬೆರೆತಿತ್ತು. ಮಕ್ಕಳು ಒಳಗೆ ಕೂತು, ಮೇಲೆ ನಿಜವಾಗಿಯೂ ಏನಾದರೂ ಇದೆಯೇ ಎಂದು ಆಗಾಗ ತಲೆಯೆತ್ತಿ ನೋಡುತ್ತಿದ್ದವು. ರಹಿಮಾ ಬೀಗೆ ಹಾರ ಹಾಕಿದರು. ಆಕೆ ಹಾರ ತೆಗೆದು ಮೇಸ್ತ್ರಿಯ ಕೊರಳಿಗೆ ಹಾಕಿ, ಮೂಲೆಯಲ್ಲಿ ಗಾರೆ ಸರಿಯಾಗಿಲ್ಲ ಎಂದು ಅವನಿಗೆ ಅಲ್ಲೇ ಬೈದಳು. ಮೈಕು ನನ್ನ ಕೈಗೆ ಬಂತು.

ಮೈಕು ಬಂದರೆ ನಾನು ಬಿಡುವವನಲ್ಲ. ಕುರ್ಚಿಯಿಂದ ಏಳದೆ, ಕಡ್ಲೆಕಾಯಿ ಸುಲಿಯುತ್ತಾ ಕೊಠಡಿಗಳನ್ನು ಕಟ್ಟಿದ್ದು ಹೇಗೆ ಎಂದು ಹೇಳಿದೆ. ಕಣ್ಣು ಮುಚ್ಚಿ ಉಸಿರು ಹಿಡಿದದ್ದನ್ನು ಹೇಳಿದೆ. ಬಸ್ಸಿನ ಉಪಮೆಯನ್ನು ಹೆಗ್ಗೆರೆಯಿಂದ ಮಲ್ಲಸಂದ್ರದವರೆಗೆ ಕೈಬೀಸಿ ಓಡಿಸಿದೆ. ಹೆಂಗಸರು ಬಾಯಿ ಮೇಲೆ ಬೆರಳಿಟ್ಟುಕೊಂಡರು.

ಆಗ ಹಿಂದಿನ ಸಾಲಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ, ಬಿಳೀ ಪಂಚೆಯ ಹಿರಿಯರೊಬ್ಬರು ಎದ್ದು ನಿಂತರು.

"ಅಪ್ಪಾ ಸ್ವಾಮಿ, ಒಂದ್ನಿಮಿಷ. ನಾನು ಶಿವರಾಮಯ್ಯ ಅಂತ. ಇದೇ ಊರು. ಬಸ್ಸಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರು."

ನನ್ನ ಕೈಯಲ್ಲಿ ಮೈಕು ಕೀಂಯ್ ಎಂದಿತು.

"ಖಾಕಿ ಹಾಕಿಲ್ಲ ಅಂತ ಗುರುತು ಸಿಗ್ಲಿಲ್ವೇನೋ ನಿಂಗೆ. ನಂಗೆ ಸಿಗ್ತು. ಆಗಸ್ಟ್‌ನಲ್ಲಿ ಒಂದಿನ ಮಧ್ಯಾಹ್ನ ಟಿಕೆಟ್ ಇಲ್ದೆ ಹಿಂದಿನ ಸೀಟಿನ ಕೆಳಗೆ ಬಗ್ಗಿ ಕೂತಿದ್ದೋನು ನೀನೇ ತಾನೆ? ದಂಡ ಹಾಕ್ದೋನ ಕಾಲಿಗೆ ಬಿದ್ದು ಥ್ಯಾಂಕ್ಸ್ ಅಂದೋನು ನನ್ನ ಸರ್ವೀಸಲ್ಲೇ ನೀನೊಬ್ನೇ. ಮರೆಯೋದು ಹೆಂಗೆ?"

ಊರಿಗೆ ಊರೇ ನಕ್ಕಿತು. ಬೆಟ್ಟಸ್ವಾಮಿ ನೆಲಕ್ಕೆ ಕೂತು ನಕ್ಕ. ಮಾನಸಾ ನಗಲಿಲ್ಲ. ಅವಳಿಗೆ ಇದು ಮೊದಲೇ ಗೊತ್ತಿದ್ದ ಹಾಗಿತ್ತು. ರಹಿಮಾ ಬೀ ಮೇಸ್ತ್ರಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಏನ್ಲಾ ಇದು ಝುಬೇರಾ? ಕುರ್ಚಿಯಿಂದ ಏಳ್ಲೇ ಇಲ್ಲ ಅಂದೆ?"

ಓಡೋಣವೆಂದರೆ ಹೊಸ ಕೊಠಡಿಗೆ ಒಂದೇ ಬಾಗಿಲು, ಆ ಬಾಗಿಲಲ್ಲಿ ಆಕೆಯೇ ನಿಂತಿದ್ದಳು. ಮೈಕು ಆನ್ ಆಗಿಯೇ ಇತ್ತು.

"ಎದ್ದಿದ್ದೆ ಖಾಲಾ," ಎಂದೆ. "ಓಡೋಗಿದ್ದೆ. ಟೀ ಕುಡ್ಕೊಂಡು ಬರ್ತೀನಿ ಅಂತ ನಿಮಗೆ ಹೇಳಿದ್ನಲ್ಲ, ಟೀ ಕುಡೀಲಿಲ್ಲ. ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ. ನಂಗೆ ಉತ್ತರ ಗೊತ್ತಿರ್ಲಿಲ್ಲ. ನೀವು ಊಟ ಬಿಟ್ಟು ಆ ಸ್ಟೂಲ್ ಮೇಲೆ ಕೂತಿದ್ರಿ, ನಂಗೆ ನಿಮ್ಮ ಮುಖ ನೋಡೋಕಾಗ್ಲಿಲ್ಲ. ಪರ್ಸು ಆಫೀಸಲ್ಲೇ ಇತ್ತು. ತಿಪಟೂರಲ್ಲಿ ನಮ್ಮ ಮಾವನ ಮನೆ ಅದೆ, ಅಲ್ಲಿ ಎರಡು ದಿನ ಇದ್ದು, ಎಲ್ಲಾ ಮುಗಿದ ಮೇಲೆ ಬರೋಣ ಅಂತಿದ್ದೆ."

ಬೆಟ್ಟಸ್ವಾಮಿ ನೆಲದಿಂದ ಎದ್ದು ನಿಂತ.

"ಹೆಗ್ಗೆರೇಲಿ ಇವರು ಹತ್ತಿದ್ರು. ನಾನು ಈಗ ತಾನೇ ಹತ್ತಿದೆ ಸಾರ್ ಅಂತ ಸುಳ್ಳು ಹೇಳ್ದೆ. ಇವರು ಏನಂದ್ರು ಗೊತ್ತಾ? 'ಎಲ್ಲಾದ್ರೂ ಹತ್ತು, ಎಲ್ಲಾದ್ರೂ ಇಳಿ, ಇಳೀದೇ ಬೇಕಾದ್ರೂ ಇರು. ನಾನಿದ್ದ ಹೊತ್ತಲ್ಲಿ ನೀನು ಬಸ್ಸಲ್ಲಿದ್ದೀಯ. ನಂಗೆ ಅಷ್ಟು ಸಾಕು' ಅಂದ್ರು. ನಂದಲ್ಲ ಖಾಲಾ ಆ ಮಾತು. ನಂಗೆ ಯಾವ ತಪಸ್ಸಲ್ಲೂ ಹೊಳೀಲಿಲ್ಲ. ಮಲ್ಲಸಂದ್ರದಲ್ಲಿ ಇವರ ಜೊತೇಲೇ ಇಳಿದು, ದಂಡಕ್ಕೆ ವಾಚು ಬಿಚ್ಚಿ ಕೊಟ್ಟು..."

"ವಾಚು ನಾನು ವಾಪಸ್ ಕೊಟ್ಟೆ," ಎಂದರು ಶಿವರಾಮಯ್ಯ. "ಅವನ ಅವಸ್ಥೆ ನೋಡಿ ದಂಡ ನಾನೇ ಕಟ್ಟಿದೆ. ಸುಳ್ಳು ಹೇಳ್ಬೇಡ."

"ವಾಪಸ್ ಕೊಟ್ರು," ಎಂದೆ. "ಅಲ್ಲಿಂದ ತೆಂಗಿನಕಾಯಿ ಟೆಂಪೋ ಹತ್ಕೊಂಡು, ಕಾಯಿ ಮೇಲೆ ಕೂತ್ಕೊಂಡು ತುಮಕೂರಿಗೆ ಬಂದೆ. ಉತ್ತರ ಸಿಕ್ಕ ಮೇಲೆ ಬರ್ಲೇಬೇಕು ಅನ್ನುಸ್ತು. ತಿಪಟೂರಿಗೆ ಹೋಗಿದ್ರೆ ಯಾರೂ ಏನೂ ಅಂತಿರ್ಲಿಲ್ಲ, ಗುಬ್ಬಿ ಹೋಯ್ತು ಅಂತಿದ್ರು ಅಷ್ಟೆ. ಬೆಳಿಗ್ಗೆ ತಪ್ಪಾಗಿ ಕೇಳಿ ಗುಬ್ಬೀನ ಕಳೆದಿದ್ದೂ ನಾನೇ. ಆಷಾಢಾನೂ ಅಲ್ಲ, ಕಂಪ್ಯೂಟರೂ ಅಲ್ಲ."

ರಹಿಮಾ ಬೀ ಹತ್ತಿರ ಬಂದಳು. ಕೊಡೆ ಕೈಯಲ್ಲೇ ಇತ್ತು.

"ಕಡ್ಲೆಕಾಯಿ?" ಎಂದಳು.

"ಕಡ್ಲೆಕಾಯಿ ತಿಂದಿದ್ದು ಮಾತ್ರ ನಿಜ ಖಾಲಾ," ಎಂದೆ. ಆಕೆಯ ಕಣ್ಣು ನೋಡಿ ಅದನ್ನೂ ಸರಿಮಾಡಿದೆ. "ಅದೂ ಟೆಂಪೋದವನು ಕೊಟ್ಟಿದ್ದು."